ತಲೆ ಮೇಲಾಗಿ ನಿಂತ ಒರೆಸುಕೋಲು

"ಇನ್ನು ಮುಂದೆ ಈ ಮನೆಯಲ್ಲಿ ಯಾರೂ ಬಕೆಟ್ ಮುಟ್ಟಬೇಕಾಗಿಲ್ಲ" ಎಂದು ಮುಚ್ಚಳ ಸಾಹೇಬರು ಘೋಷಿಸಿದಾಗ ಅವರ ಎರಡೂ ಕೈಗಳು ಮೊಣಕೈವರೆಗೆ ಬಕೆಟ್ಟಿನೊಳಗೇ ಇದ್ದವು.

ಸೋಫಾದ ಮೇಲೆ ಬೆನ್ನಿಗೆ ದಿಂಬು ಕೊಟ್ಟುಕೊಂಡು ಶಾಲೆಯ ಮಕ್ಕಳ ಗಣಿತದ ಉತ್ತರಪತ್ರಿಕೆ ತಿದ್ದುತ್ತಿದ್ದ ಹೆಂಡತಿ ತಲೆ ಎತ್ತಲಿಲ್ಲ. "ಸೋಫಾದ ಕೆಳಗೆ ಇನ್ನೂ ಒರೆಸಿಲ್ಲ" ಎಂದರು.

"ನಾನು ಭವಿಷ್ಯದ ಬಗ್ಗೆ ಮಾತಾಡ್ತಾ ಇದೀನಿ."

"ನಾನು ಸೋಫಾದ ಕೆಳಗಿನ ಬಗ್ಗೆ ಮಾತಾಡ್ತಾ ಇದೀನಿ."

ಮುಚ್ಚಳ ಸಾಹೇಬರು ಎಂಬುದು ತಂದೆತಾಯಿ ಇಟ್ಟ ಹೆಸರಲ್ಲ. ಅವರು ಕೆಲಸ ಮಾಡುವ ಕಾರ್ಖಾನೆಯಲ್ಲಿ ಪೊರಕೆ, ಬ್ರಷ್ಷು, ಬಕೆಟ್ಟು, ಕಸದ ಡಬ್ಬಿಗಳು ತಯಾರಾಗುತ್ತವೆ. ಅಲ್ಲಿನ ವಿನ್ಯಾಸ ವಿಭಾಗದಲ್ಲಿದ್ದುಕೊಂಡು ಅವರು ಹಿಂದೊಮ್ಮೆ, ಕಾಲಿನಿಂದ ಒತ್ತಿದರೆ ತೆರೆದು ಬಿಟ್ಟರೆ ಸದ್ದಿಲ್ಲದೆ ಮುಚ್ಚಿಕೊಳ್ಳುವ ಡಬ್ಬಿಯ ಮುಚ್ಚಳವೊಂದನ್ನು ರೂಪಿಸಿದ್ದರು. ಅದು ಬಿಸಿ ದೋಸೆಯಂತೆ ಮಾರಾಟವಾಯಿತು. ಆಮೇಲೆ ಅವರು ರೂಪಿಸಿದ್ದು ಯಾವುದೂ ಆಗಲಿಲ್ಲ. ಹೀಗಾಗಿ ಕೀರ್ತಿ ಮುಚ್ಚಳದ ಹತ್ತಿರವೇ ನಿಂತುಹೋಯಿತು. ಅಂಥ ಒಳ್ಳೆಯ ಮುಚ್ಚಳವನ್ನು ಡಬ್ಬಿಗೆ ಹಾಕಿ ವ್ಯರ್ಥ ಮಾಡಿದರು, ಮೊದಲು ಸ್ವಂತ ಬಾಯಿಗೆ ಅಳವಡಿಸಿಕೊಳ್ಳಬೇಕಿತ್ತು ಎಂಬುದು ಹೆಂಡತಿಯ ಅಭಿಪ್ರಾಯ.

ಆಕೆ ಎರಡು ತಿಂಗಳ ಹಿಂದೆ ಬೀರುವನ್ನು ಒಬ್ಬರೇ ಸರಿಸಲು ಹೋಗಿ ಸೊಂಟ ಹಿಡಿಸಿಕೊಂಡಿದ್ದರು. ಸರಿಸಿಕೊಡಿ ಎಂದು ಗಂಡನನ್ನು ಅದಕ್ಕೆ ಮುಂಚೆ ಒಂದು ವಾರ ಕೇಳಿದ್ದುಂಟು. ಆ ವಾರವೆಲ್ಲ ಸಾಹೇಬರು ಬೀರುವಿಗೆ ಚಕ್ರ ಕೂರಿಸುವ ನಕ್ಷೆ ಬರೆಯುತ್ತಿದ್ದರು. ಡಾಕ್ಟರು ಆಕೆಗೆ ಬಗ್ಗುವ ಕೆಲಸ ಬೇಡವೇ ಬೇಡ ಎಂದರು. ಸೊಂಟ ವಾಸಿಯಾಗುವ ತನಕ ನೆಲ ಒರೆಸುವ ಹೊಣೆ ಸಾಹೇಬರ ಹೆಗಲೇರಿತು.

ಹೊಣೆಯೇನೋ ಏರಿತು, ವಿದ್ಯೆ ಹತ್ತಲಿಲ್ಲ. ಸಾಹೇಬರು ಹಿಂಡಿದ ಬಟ್ಟೆಯಿಂದ ಹಿಂಡದ ಬಟ್ಟೆಗಿಂತ ಹೆಚ್ಚು ನೀರು ಸುರಿಯುತ್ತಿತ್ತು. ಮೂಲೆಗಳನ್ನು ಅವರು ದೂರದಿಂದಲೇ ಗೌರವಿಸುತ್ತಿದ್ದರು. ಬಾಗಿಲ ಕಡೆಯಿಂದ ಒರೆಸುತ್ತ ಹೋಗಿ, ಕೊನೆಗೆ ಒದ್ದೆ ನೆಲದ ನಡುವೆ ದ್ವೀಪದಂತೆ ನಿಂತು, ಒಣಗುವವರೆಗೆ ಪೇಪರು ಓದುತ್ತಿದ್ದರು. ಕೆಲಸ ಮುಗಿದ ಮೇಲೆ ಒರೆಸುಕೋಲನ್ನು ಬಟ್ಟೆ ಮೇಲಾಗಿ ತಿರುಗಿಸಿ ನಿಲ್ಲಿಸಬೇಕು, ಇಲ್ಲದಿದ್ದರೆ ಬಟ್ಟೆ ಒಣಗದೆ ಮನೆಯೆಲ್ಲ ನಾರುತ್ತದೆ ಎಂಬುದನ್ನಂತೂ ಹೆಂಡತಿ ದಿನಾ ಹೇಳಿ ಹೇಳಿ ಗಂಟಲು ಒಣಗಿಸಿಕೊಂಡಿದ್ದರು. ಮೂಲೆಯ ಬೆತ್ತದ ಕುರ್ಚಿಯಲ್ಲಿ ಕೂತು ಇದನ್ನೆಲ್ಲ ನೋಡುತ್ತಿದ್ದ ಅತ್ತೆ, ಅಂದರೆ ಹೆಂಡತಿಯ ತಾಯಿ, ಅಳಿಯನನ್ನು ಒಮ್ಮೆಯೂ ಬೈದವರಲ್ಲ. "ಪಾಪ, ಆಗಲ್ಲ ಅವರಿಗೆ" ಎನ್ನುತ್ತಿದ್ದರು. ಸಾಹೇಬರಿಗೆ ಬೈಗುಳಕ್ಕಿಂತ ಅದೇ ಹೆಚ್ಚು ಚುಚ್ಚುತ್ತಿತ್ತು.

ಈ ಸಂಕಟದಿಂದ ಹುಟ್ಟಿದ್ದೇ ತಾನಾಗಿ ದ್ರವ ಬಿಡುವ ಒರೆಸುಕೋಲು. ಬಕೆಟ್ಟಿಲ್ಲ, ಹಿಂಡುವುದಿಲ್ಲ, ಬಗ್ಗುವುದಂತೂ ಇಲ್ಲವೇ ಇಲ್ಲ. ಕೋಲೇ ಒಂದು ಟೊಳ್ಳು ಕೊಳವೆ. ಅದರ ತುಂಬ ಸಾಬೂನಿನ ಗಟ್ಟಿ ದ್ರವ. ಕೆಳಗೆ ಬಟ್ಟೆಯ ಹತ್ತಿರ ಒಂದು ಕಿಂಡಿ, ಕಿಂಡಿಯ ಮೇಲೆ ಒಂದು ಗೋಲಿ. ಗೋಲಿ ತನ್ನ ಭಾರಕ್ಕೆ ತಾನೇ ಕೂತು ಕಿಂಡಿಯನ್ನು ಮುಚ್ಚಿರುತ್ತದೆ. ಕೋಲನ್ನು ನೆಲಕ್ಕೆ ಒತ್ತಿದರೆ ಒಂದು ಕಡ್ಡಿ ಗೋಲಿಯನ್ನು ಎತ್ತುತ್ತದೆ, ದ್ರವ ಇಳಿಯುತ್ತದೆ. ಒಳಗೆ ಗಾಳಿಯಾಡಲು ಹಿಡಿಕೆಯ ತುದಿಯಲ್ಲೊಂದು ತೂತು. ಕಾರ್ಖಾನೆಯಲ್ಲಿ ಅದನ್ನು ಕೋಟಿನಂತೆ ಹಿಡಿಕೆಯಿಂದ ಮೊಳೆಗೆ ನೇತುಹಾಕಿದ್ದರು. ಒಂದು ಹನಿ ಸೋರಿರಲಿಲ್ಲ.

ಮ್ಯಾನೇಜರು ಅದನ್ನು ಮೇಲಿಂದ ಕೆಳಗೆ ನೋಡಿ, "ಇಲ್ಲಿನ ಸಿಮೆಂಟ್ ನೆಲದ ಮೇಲೆ ಎಲ್ಲವೂ ಚೆನ್ನಾಗಿಯೇ ಕಾಣುತ್ತೆ. ನಿಮ್ಮ ಮನೆ ನೆಲದ ಮೇಲೆ ನೋಡ್ತೀನಿ. ಭಾನುವಾರ ಬರ್ತೀನಿ" ಎಂದರು. ಆತ ಅಳೆದು ತೂಗಿ ಮಾತಾಡುವ ಮನುಷ್ಯ. ಯಾರ ಮನೆಗೆ ಹೋದರೂ 'ಕೂತ್ಕೊಳ್ಳಿ' ಎಂದು ಮೂರು ಸಲ ಹೇಳದೆ ಕೂರುವವರಲ್ಲ.

ಸಾಹೇಬರು ಮನೆಗೆ ಬಂದು ಷರತ್ತನ್ನು ಮಂಡಿಸಿದರು. "ಈ ಕೋಲು ಪಾಸಾದರೆ ನನಗೆ ಒರೆಸೋದರಿಂದ ಬಿಡುಗಡೆ."

"ಆಮೇಲೆ ಯಾರು ಒರೆಸ್ತಾರೆ?"

"ಇಷ್ಟು ಸುಲಭ ಆದ ಮೇಲೆ ಯಾರು ಬೇಕಾದರೂ ಒರೆಸಬಹುದು."

"ಯಾರು ಬೇಕಾದರೂ ಅಂದ್ರೆ ನಾನು."

"ನೀನು ಬಗ್ಗಬೇಕಾಗಿಲ್ಲವಲ್ಲ."

ಹೆಂಡತಿ ಕೆಂಪು ಪೆನ್ನಿನ ಮುಚ್ಚಳ ಕಚ್ಚುತ್ತ ಸ್ವಲ್ಪ ಯೋಚಿಸಿದರು. "ಸರಿ, ಪಾಸಾಗಲಿ ನೋಡೋಣ. ಅಲ್ಲಿವರೆಗೆ, ಇಲ್ಲಾ ನನ್ನ ಸೊಂಟ ಸರಿಹೋಗೋವರೆಗೆ, ನೀವೇ."

ಭಾನುವಾರ ಬೆಳಿಗ್ಗೆ ಸಾಹೇಬರು ಕೋಲಿನ ಕಂಠದವರೆಗೆ ದ್ರವ ತುಂಬಿಸಿ ಕೊನೆಯ ತಾಲೀಮು ನಡೆಸಿದರು. ಕೋಲು ಬೆಣ್ಣೆಯ ಮೇಲೆ ಚಾಕು ಹರಿದಂತೆ ಹಜಾರದುದ್ದಕ್ಕೂ ಹರಿಯಿತು. ಒತ್ತಿದಲ್ಲಿ ದ್ರವ, ಎಳೆದಲ್ಲಿ ಹೊಳಪು. ಅತ್ತೆ ಕಾಲೆತ್ತಿ ಕೊಟ್ಟು, "ಪರವಾಗಿಲ್ಲ ಅಳಿಯಂದ್ರೇ, ಒರೆಸಿದ ಹಾಗೇ ಇದೆ" ಎಂದರು. ಎರಡು ತಿಂಗಳಲ್ಲಿ ಸಿಕ್ಕ ಮೊದಲ ಪ್ರಶಂಸೆ ಅದು. ಸಾಹೇಬರು ಗೆದ್ದ ಸೇನಾಪತಿಯ ಹಾಗೆ ಕೋಲನ್ನು ಅಡುಗೆಮನೆ ಬಾಗಿಲ ಹಿಂದೆ ಅದರ ಜಾಗದಲ್ಲಿಟ್ಟು, ಹಾಡು ಗುನುಗುತ್ತ ಸ್ನಾನಕ್ಕೆ ಹೋದರು.

ಇಸ್ತ್ರಿಯ ಅಂಗಿ ತೊಟ್ಟು ಹೊರಬಂದಾಗ ಹಜಾರದಲ್ಲಿ ಮೋಡ ಇಳಿದಿತ್ತು.

ಮೊದಲು ಅವರಿಗೆ ಕನ್ನಡಕದ ಗಾಜು ಮಂಜಾಗಿದೆ ಎನಿಸಿತು. ತೆಗೆದು ಒರೆಸಿ ಹಾಕಿಕೊಂಡರು. ಮೋಡ ಇನ್ನಷ್ಟು ಸ್ಪಷ್ಟವಾಯಿತು. ಅದು ನೊರೆ. ಊಟದ ಮೇಜಿನ ಕಾಲುಗಳು ಅದರಲ್ಲಿ ಮುಳುಗಿದ್ದವು. ಅತ್ತೆಯ ಚಪ್ಪಲಿಗಳು ಜೋಡಿ ದೋಣಿಗಳಂತೆ ಬಾಗಿಲ ಕಡೆಗೆ ಹೊರಟಿದ್ದವು. ಅತ್ತೆ ಮಾತ್ರ ಖಾಲಿ ಬಕೆಟ್ ಹಿಡಿದು ಬೆತ್ತದ ಕುರ್ಚಿಯ ಮೇಲೆ ಕಾಲು ಮಡಚಿ ಕೂತಿದ್ದರು.

"ಏನಾಯ್ತು ಅತ್ತೆ?"

"ಬಾಗಿಲ ಹಿಂದಿನಿಂದ ಅಂಟಂಟಾಗಿ ಏನೋ ಹರಿದು ಬರ್ತಿತ್ತು. ಕಾಲು ಜಾರುತ್ತೆ ಅಂತ ಒಂದು ಬಕೆಟ್ ನೀರು ಸುರಿದೆ. ನೊರೆ ಬಂತು. ನೊರೆ ಹೋಗಲಿ ಅಂತ ಇನ್ನೊಂದು ಬಕೆಟ್ ಸುರಿದೆ."

"ಹೋಯ್ತಾ?"

"ಹೆಚ್ಚಾಯ್ತು. ಅದಕ್ಕೇ ಮೂರನೆಯದು ಸುರಿದೆ."

ಹೆಂಡತಿ ಕೋಣೆಯ ಬಾಗಿಲಲ್ಲಿ ನಿಂತು ನೊರೆಯ ಎತ್ತರವನ್ನು ಅಂದಾಜು ಮಾಡುತ್ತಿದ್ದರು. "ಬಕೆಟ್ ಮುಟ್ಟಬೇಕಾಗಿಲ್ಲ ಅಂದಿದ್ರಿ" ಎಂದರು.

ಮ್ಯಾನೇಜರು ಬರುವ ಹೊತ್ತಾಗಿತ್ತು. ಸಾಹೇಬರು ಪ್ಯಾಂಟು ಮೇಲಕ್ಕೆ ಮಡಚಿ, ಪೊರಕೆ ಹಿಡಿದು, ನೊರೆಯನ್ನು ಬಾಗಿಲ ಕಡೆಗೆ ತಳ್ಳತೊಡಗಿದರು. ನೊರೆ ಮರ್ಯಾದಸ್ಥ ವಸ್ತುವಲ್ಲ. ಒಂದು ಕಡೆ ತಳ್ಳಿದರೆ ಎರಡು ಕಡೆಯಿಂದ ವಾಪಸು ಬರುತ್ತದೆ. ಹೇಗೋ ಅದನ್ನೆಲ್ಲ ಗುಡ್ಡೆ ಹಾಕಿ ಬಾಗಿಲ ಬುಡಕ್ಕೆ ತಂದರು. ಮೆಟ್ಟಿಲ ಕಡೆಗೆ ಒಮ್ಮೆ ತಳ್ಳಿದರೆ ಮುಗಿಯಿತು ಎಂದುಕೊಂಡು ಬಾಗಿಲು ತೆಗೆದರು.

ಬಾಗಿಲಾಚೆ ಮ್ಯಾನೇಜರು ಕಿತ್ತಳೆ ಹಣ್ಣಿನ ಚೀಲ ಹಿಡಿದು, ಇನ್ನೊಂದು ಕೈಯನ್ನು ಕರೆಗಂಟೆಯ ಕಡೆಗೆ ಚಾಚಿ ನಿಂತಿದ್ದರು.

"ಬನ್ನಿ ಸಾರ್" ಎಂದು ಬಾಯಿ ತಪ್ಪಿ ಬಂತು.

ಮ್ಯಾನೇಜರು ಬಂದರು. ಎಡಗಾಲು ಒಳಗಿಟ್ಟರು. ಬಲಗಾಲಿಗೆ ಕಾಯುವ ವ್ಯವಧಾನ ಎಡಗಾಲಿಗೆ ಇರಲಿಲ್ಲ. ಮೂರು ಸಲ ಹೇಳದೆ ಎಲ್ಲೂ ಕೂರದ ಆ ಮನುಷ್ಯ ಅಂದು ಯಾರೂ ಹೇಳುವ ಮುಂಚೆಯೇ ಕೂತರು. ಕೂತ ಭಂಗಿಯಲ್ಲೇ ಹಜಾರವನ್ನು ದಾಟಿ, ಅತ್ತೆಯ ಕುರ್ಚಿಯ ಪಕ್ಕದಲ್ಲಿ ಸಾವಕಾಶವಾಗಿ ಸಾಗಿ, ಗೋಡೆಗೆ ಬೆನ್ನು ತಾಗಿಸಿ ನಿಂತರು. ನಿಂತರು ಎಂದರೆ ಕೂತೇ ಇದ್ದರು, ಚಲನೆ ನಿಂತಿತು. ಅತ್ತೆ ಬಗ್ಗಿ ನೋಡಿ, "ಕಾಫಿ ಕುಡೀತೀರಾ?" ಎಂದರು.

"ಸಕ್ಕರೆ ಕಮ್ಮಿ ಇರಲಿ" ಎಂದರು ಮ್ಯಾನೇಜರು. ಅಭ್ಯಾಸಬಲ.

ಕಿತ್ತಳೆ ಹಣ್ಣುಗಳು ನಾಲ್ಕು ದಿಕ್ಕಿಗೆ ಚದುರಿದವು. ಹೆಂಡತಿ ಸೀರೆಯ ಸೆರಗು ಸಿಕ್ಕಿಸಿ, ಗೋಡೆ ಹಿಡಿದು ಬಂದು, ಮೇಜಿನ ಕೆಳಗಿನದನ್ನು ಎತ್ತಿಕೊಂಡರು, ಬಾಗಿಲ ಸಂದಿಯದನ್ನು ಎತ್ತಿಕೊಂಡರು, ಕೊನೆಗೆ ಮಂಡಿಯೂರಿ, ಸೋಫಾದ ಕೆಳಗೆ ಭುಜದವರೆಗೆ ಕೈ ಹಾಕಿ ಒಂದನ್ನು ಹೊರಗೆಳೆದರು. ಅದಕ್ಕೆ ಬೂದು ಬಣ್ಣದ ತುಪ್ಪಳ ಬೆಳೆದಿತ್ತು.

"ಸೋಫಾದ ಕೆಳಗೆ ನೀವು ಒಂದು ದಿನವೂ ಒರೆಸಿಲ್ಲ" ಎಂದರು ಹಣ್ಣನ್ನು ತೋರಿಸಿ.

ಸಾಹೇಬರು ಹಣ್ಣನ್ನು ನೋಡಲಿಲ್ಲ. ಹೆಂಡತಿಯನ್ನೇ ನೋಡುತ್ತಿದ್ದರು. "ನೀನು ಬಗ್ಗಿದೆ" ಎಂದರು ನಿಧಾನವಾಗಿ.

ಹೆಂಡತಿ ಹಣ್ಣನ್ನು ಮೇಜಿನ ಮೇಲಿಟ್ಟರು.

"ಹೋದ ವಾರ ಡಾಕ್ಟರು ಬಗ್ಗಬಹುದು ಅಂದರು" ಎಂದರು ಹೆಂಡತಿ. "ಹೇಳಬೇಕು ಅಂತಲೇ ಇದ್ದೆ."

"ಯಾವಾಗ?"

"ಸೋಫಾದ ಕೆಳಗೆ ಒರೆಸಿದ ಮೇಲೆ."

"ಹಾಗಾದರೆ ಮಾತಿನ ಪ್ರಕಾರ ನಾಳೆಯಿಂದ ನೀನು."

"ಹೂಂ. ಮಾತು ಮಾತೇ. ನಾಳೆಯಿಂದ ನಾನು."

ಕೋಲು ಮಣ್ಣು ಮುಕ್ಕಿದ್ದರೂ ಬಿಡುಗಡೆ ತಾನಾಗಿಯೇ ಬಂದು ಕೈಗೆ ಬಿದ್ದಿತ್ತು. ಆ ಗಳಿಗೆಯಲ್ಲಿ ಸಾಹೇಬರು ಸುಮ್ಮನಿದ್ದಿದ್ದರೆ ಈ ಕಥೆ ಅವರ ಗೆಲುವಿನ ಕಥೆಯಾಗುತ್ತಿತ್ತು. ಆದರೆ ಅವರ ಮುಚ್ಚಳ ಇದ್ದದ್ದು ಡಬ್ಬಿಯ ಮೇಲೆ.

ಅವರು ಬಾಗಿಲ ಹಿಂದಿನಿಂದ ಒರೆಸುಕೋಲನ್ನು ತಂದರು. ಅದು ಖಾಲಿಯಾಗಿತ್ತು, ಹಿಡಿಕೆಯ ತುದಿಯ ತೂತಿನಿಂದ ಕೊನೆಯ ಹನಿ ತೊಟ್ಟಿಕ್ಕುತ್ತಿತ್ತು. "ಸಾರ್, ವಿನ್ಯಾಸದಲ್ಲಿ ದೋಷ ಇಲ್ಲ" ಎಂದರು, ನ್ಯಾಯಾಲಯದಲ್ಲಿ ನಿಂತವರಂತೆ. "ಇದನ್ನು ಯಾರೋ ಬಟ್ಟೆ ಮೇಲಾಗಿ ತಿರುಗಿಸಿ ನಿಲ್ಲಿಸಿದ್ದಾರೆ. ತಿರುಗಿಸಿದರೆ ಗೋಲಿ ಕಿಂಡಿಯಿಂದ ಬಿದ್ದುಹೋಗುತ್ತೆ, ಅಲ್ಲಿಂದ ಗಾಳಿ ಒಳಗೆ ಬರುತ್ತೆ, ದ್ರವವೆಲ್ಲ ಈ ತೂತಿನಿಂದ ಸೋರುತ್ತೆ. ಇದು ಮನುಷ್ಯರ ತಪ್ಪು, ಕೋಲಿನದ್ದಲ್ಲ."

"ಈಗ ಅದೆಲ್ಲ ಯಾಕೆ, ಬಿಟ್ಟುಬಿಡಿ" ಎಂದರು ಹೆಂಡತಿ.

"ಯಾಕೆ ಬಿಡಬೇಕು? ನನ್ನ ಮರ್ಯಾದೆ ಪ್ರಶ್ನೆ."

"ನಿಮ್ಮ ಒಳ್ಳೇದಕ್ಕೇ ಹೇಳ್ತಿದೀನಿ. ಬಿಡಿ."

ಈ ಮೆತ್ತನೆಯ ದನಿ ಸಾಹೇಬರಿಗೆ ತಪ್ಪೊಪ್ಪಿಗೆಯಂತೆ ಕೇಳಿಸಿತು. ಅವರ ದನಿ ಏರಿತು. "ಹಾಗಾದರೆ ಸಾರ್ ಎದುರಿಗೇ ಹೇಳ್ತೀನಿ. ಈ ಕೋಲನ್ನು ತಿರುಗಿಸಿ ನಿಲ್ಲಿಸಿದ್ದು ಯಾರೋ, ಅವರೇ ಇನ್ನು ಮುಂದೆ ಈ ಮನೆ ಒರೆಸಬೇಕು. ಸೊಂಟ ನೋವಿದ್ದರೂ ಸರಿ, ಇಲ್ಲದಿದ್ದರೂ ಸರಿ. ಹೆಂಡತಿಯಾಗಲಿ, ಅತ್ತೆಯಾಗಲಿ, ನಾನು ಮುಖ ನೋಡುವವನಲ್ಲ."

ಮ್ಯಾನೇಜರು ಕೂತಲ್ಲಿಂದಲೇ ತಲೆಯಾಡಿಸಿದರು. "ನ್ಯಾಯವಾದ ಮಾತು."

ಅತ್ತೆ ಮುಗ್ಧವಾಗಿ ಅಳಿಯನ ಕಡೆ ತಿರುಗಿದರು. "ಅದು ನೀವೇ ಅಲ್ವಾ ಅಳಿಯಂದ್ರೇ. ಬೆಳಿಗ್ಗೆ ಒರೆಸಿ ಆದ ಮೇಲೆ ಅಚ್ಚುಕಟ್ಟಾಗಿ ತಿರುಗಿಸಿ ನಿಲ್ಲಿಸಿ ಸ್ನಾನಕ್ಕೆ ಹೋದ್ರಲ್ಲ. ಪರವಾಗಿಲ್ಲ, ಇದೊಂದಾದರೂ ಕಲಿತುಬಿಟ್ರು ಅಂದ್ಕೊಂಡೆ."

ಸಾಹೇಬರ ಕೈ ಕೋಲನ್ನು ಗೋಡೆಗೆ ಒರಗಿಸಲು ಹೋಯಿತು. ಯಾರೂ ಹೇಳದೆ, ಯೋಚನೆಯೂ ಇಲ್ಲದೆ, ಆ ಕೈ ಕೋಲನ್ನು ಬಟ್ಟೆ ಮೇಲಾಗಿ ತಿರುಗಿಸಿತು. ಮೂವರೂ ಅದನ್ನು ನೋಡಿದರು. ಆಮೇಲೆ ಸಾಹೇಬರೂ ನೋಡಿದರು.

"ಎರಡು ತಿಂಗಳು ಬಾಯಿ ನೋಯಿಸಿಕೊಂಡಿದ್ದು ಸಾರ್ಥಕ ಆಯ್ತು" ಎಂದರು ಹೆಂಡತಿ. ಗೋಡೆಯ ಮೂಲೆಯಲ್ಲಿದ್ದ ಹಳೆಯ ಒರೆಸುಬಟ್ಟೆಯನ್ನು ಎತ್ತಿಕೊಟ್ಟರು, ಬಹಳ ಸಲೀಸಾಗಿ ಬಗ್ಗಿ.

ಮ್ಯಾನೇಜರು ಕಾಫಿ ಕುಡಿಯುತ್ತ ತೀರ್ಪು ಕೊಟ್ಟರು. "ನೆಲಕ್ಕೆ ದ್ರವ ಬಿಡುತ್ತೆ ಅಂದಿದ್ರಿ. ಅದನ್ನು ನಾನು ಒಪ್ಪಿಕೊಳ್ತೀನಿ. ಆದರೆ ತಲೆಕೆಳಗಾದರೂ ಸೋರದ ಹಾಗೆ ಮಾಡಬೇಕು. ಮಾಡಿ. ಆಮೇಲೆ ಅದನ್ನು ದಿನಾ ತಿರುಗಿಸಿ ನಿಲ್ಲಿಸುವವರ ಮನೆಯಲ್ಲೇ ಬಾಳಿಕೆ ಪರೀಕ್ಷೆ ಆಗಬೇಕು." ಅವರು ಮಂಡಿಯೂರಿ ಸೋಫಾದ ಕೆಳಗೆ ಕೈ ಚಾಚಿದ್ದ ಸಾಹೇಬರನ್ನು ನೋಡಿದರು. "ಮನೆ ಹುಡುಕುವ ಕಷ್ಟ ಇಲ್ಲ."

ಹೊಸ ಕೋಲು ಬಂತು. ಗೋಲಿಯ ಹಿಂದೆ ಸ್ಪ್ರಿಂಗು, ಹಿಡಿಕೆಯ ತೂತಿಗೊಂದು ಬಿರಡೆ. ತಿರುಗಿಸಿದರೂ ಸೋರುವುದಿಲ್ಲ. ಬಗ್ಗಬೇಕಾಗಿಲ್ಲ, ಹಿಂಡಬೇಕಾಗಿಲ್ಲ, ಯಾರು ಬೇಕಾದರೂ ಒರೆಸಬಹುದು. ಒರೆಸುವವರು ಮಾತ್ರ ಒಬ್ಬರೇ.

"ಬಾಳಿಕೆ ಪರೀಕ್ಷೆ ಅಂದ್ರೆ ಎಷ್ಟು ದಿನ?" ಎಂದು ಹೆಂಡತಿ ಒಂದು ಸಂಜೆ ಸೋಫಾದ ಮೇಲೆ ಕಾಲೆತ್ತಿಕೊಂಡು ಕೇಳಿದರು.

"ಸವೆಯೋವರೆಗೆ" ಎಂದರು ಸಾಹೇಬರು, ಮೂಲೆಯನ್ನು ಒರೆಸುತ್ತ.

"ಕೋಲು ಸವೆಯೋವರೆಗಾ?"

ಸಾಹೇಬರು ಕೋಲನ್ನು ಎತ್ತಿ ಬೆಳಕಿಗೆ ಹಿಡಿದು ಮೇಲಿಂದ ಕೆಳಗೆ ನೋಡಿದರು. ಅದು ಹೊಚ್ಚಹೊಸದರ ಹಾಗೆ ಹೊಳೆಯುತ್ತಿತ್ತು. ಆಮೇಲೆ ತಮ್ಮ ಸೊಂಟದ ಮೇಲೆ ಕೈಯಿಟ್ಟುಕೊಂಡರು.

"ಅದು ನಾನು ಮಾಡಿದ್ದು" ಎಂದರು. "ಬೇಗ ಸವೆಯಲ್ಲ."