ಮೇ ತಿಂಗಳ ಕಿತ್ತಳೆ ಕೇಕು

ಕೇಕು ಮಾಡಲು ಹೊರಟವರ ಮನೆಯಲ್ಲಿ ಕೇಕೊಂದನ್ನು ಬಿಟ್ಟು ಬೇರೆಲ್ಲವೂ ಆಗುತ್ತದೆ. ಬೇರೆಯವರ ಮನೆಯ ವಿಷಯ ನನಗೆ ಗೊತ್ತಿಲ್ಲ, ನಮ್ಮ ಮನೆಯಲ್ಲಂತೂ ವರ್ಷಕ್ಕೊಮ್ಮೆ ತಪ್ಪದೆ ಆಗುತ್ತಿತ್ತು. ಇದಕ್ಕೆ ಮುಂಚೆ ನಾನು ಬರೆದಿರುವುದು ಆಫೀಸಿನ ಟಿಪ್ಪಣಿ ಮತ್ತು ರಜೆ ಅರ್ಜಿ ಮಾತ್ರ. ಓದುವವರಿಗೆ ಗೊಂದಲ ಆಗಬಾರದು ಎಂದು ಯಾರು ಯಾರೆಂದು ಮೊದಲೇ ಹೇಳಿಬಿಡುತ್ತೇನೆ.

ನಾನು ಇನ್ಶೂರೆನ್ಸ್ ಆಫೀಸಿನವನು. ತೊಂಬತ್ತರ ದಶಕದ ಕೊನೆಯಲ್ಲಿ ಚೆನ್ನೈಗೆ ವರ್ಗವಾಗಿ ಅಣ್ಣಾ ನಗರದಲ್ಲಿ ಮೊದಲನೇ ಮಹಡಿಯ ಮನೆ ಹಿಡಿದೆವು. ಹೆಂಡತಿಗೆ ಬ್ಯಾಂಕಿನಲ್ಲಿ ಕೆಲಸ. ತಿಪಟೂರಿನ ಕಡೆಯವಳಾದ ನನ್ನ ಅಮ್ಮ ನಮ್ಮ ಜೊತೆಗೇ ಇದ್ದಳು. ಕೆಳಗಿನ ಮನೆಯಲ್ಲಿ ಒಬ್ಬರು ತಮಿಳು ಮಾಮಿ. ಇನ್ನು ಮಗಳು. ಅವಳನ್ನು ನಾವು ಕನ್ನಡದಲ್ಲಿ ಏನು ಕೇಳಿದರೂ ತಮಿಳಿನಲ್ಲೇ ಉತ್ತರ ಬರುತ್ತಿತ್ತು, ಅಜ್ಜಿಯ ಹತ್ತಿರ ಮಾತ್ರ ಕಷ್ಟಪಟ್ಟು ಕನ್ನಡ. ಇಷ್ಟೇ ಜನ.

ಅವಳಿಗೆ ಆರು ತುಂಬುವ ವರ್ಷ, ಪಕ್ಕದ ಬೀದಿಯ ಗೆಳತಿಯ ಹುಟ್ಟುಹಬ್ಬದಲ್ಲಿ ಒಂದು ಕೇಕು ತಿಂದು ಬಂದಳು. ಒಳಗೆ ಕಿತ್ತಳೆಯ ಘಮ, ಮೇಲೆ ದಪ್ಪಗೆ ಬಳಿದ ಚಾಕೊಲೇಟ್. ಹಾಗೆ ಬಳಿಯುವುದಕ್ಕೆ ಫ್ರಾಸ್ಟಿಂಗ್ ಎನ್ನುತ್ತಾರೆ. ನನಗೂ ಅದೇ ಬೇಕು ಎಂದಳು. ಬೇಕರಿಯಲ್ಲಿ ಹೇಳಿ ಮಾಡಿಸೋಣ ಎಂದಳು ಹೆಂಡತಿ. ನನಗೆ ಏನು ಬಂತೋ, ಅದೇನು ಮಹಾ, ನಾನೇ ಮಾಡ್ತೀನಿ ಎಂದುಬಿಟ್ಟೆ. ಸಂಜೆಯೊಳಗೆ ಅವಳು ಬೀದಿಯ ಮಕ್ಕಳಿಗೆಲ್ಲ ‘ಎಂಗಪ್ಪಾ ಕೇಕ್ ಪಣ್ಣುವಾರು’ ಎಂದು ಸಾರಿ ಬಂದಿದ್ದಳು. ನಮ್ಮಪ್ಪ ಕೇಕು ಮಾಡ್ತಾರೆ ಎಂದು ಅರ್ಥ. ಅದಕ್ಕೆ ಮುಂಚೆ ಅವಳು ನನ್ನ ವಿಷಯದಲ್ಲಿ ಜಂಬ ಪಟ್ಟದ್ದು ನಾನು ಕೇಳಿರಲಿಲ್ಲ. ಪಡಲು ಅಂಥದ್ದೇನೂ ಇರಲೂ ಇಲ್ಲ. ಅಂದಿನಿಂದ ನನಗೆ ಒಂದೇ ಹೆದರಿಕೆ. ಇವಳು ಯಾವತ್ತು ತಾನಾಗಿ ‘ಅಂಗಡಿ ಕೇಕು ತಗೊಳ್ಳೋಣ’ ಎನ್ನುತ್ತಾಳೋ, ಅವತ್ತು ನಾನು ಸೋತ ಹಾಗೆ.

ಹೇಳಲೇಬೇಕಾದ ಎರಡು ವಿಷಯ ಉಳಿದಿವೆ. ಅವಳ ಹುಟ್ಟುಹಬ್ಬ ಮೇ ತಿಂಗಳ ನಡುವೆ ಬರುತ್ತದೆ. ಆಗ ಚೆನ್ನೈನಲ್ಲಿ ಮನುಷ್ಯರೇ ಕರಗುತ್ತಾರೆ, ಚಾಕೊಲೇಟಿನ ಮಾತು ಬಿಡಿ. ಎರಡನೆಯದು, ನನಗೆ ಕೂತ ಕಡೆ ಕೂರಲು ಬರುವುದಿಲ್ಲ. ಇದು ಚಿಕ್ಕಂದಿನಿಂದಲೂ ಇದೆ.

೧. ಕುಕ್ಕರು ಮತ್ತು ಮರಳು

ಮೊದಲ ವರ್ಷ ನಮ್ಮ ಮನೆಯಲ್ಲಿ ಓವನ್ ಇರಲಿಲ್ಲ. ಕುಕ್ಕರಿನ ತಳಕ್ಕೆ ಮರಳು ಹಾಕಿ, ವಿಸಲ್ ತೆಗೆದು, ಒಳಗೆ ಪಾತ್ರೆ ಇಟ್ಟು ಕಾಯಿಸಿದರೆ ಕೇಕು ಆಗುತ್ತದೆ ಎಂದು ಆಫೀಸಿನಲ್ಲಿ ಹೇಳಿದ್ದರು. ಮೊಟ್ಟೆ ಹಾಕಿದರೆ ಅಮ್ಮ ಆ ಅಡುಗೆಮನೆಗೆ ಕಾಲಿಡುವುದಿಲ್ಲ ಎಂದಿದ್ದಳು. ಹಾಗಾಗಿ ಮೊಸರು, ಡಬ್ಬದ ಗಟ್ಟಿ ಹಾಲು, ಕಿತ್ತಳೆ ಎಸೆನ್ಸು ಹಾಕಿ ಹಿಟ್ಟು ಕಲಸಿದೆ. ಎದುರು ಮನೆ ಕಟ್ಟುತ್ತಿದ್ದ ಮೇಸ್ತ್ರಿಯನ್ನು ಕೇಳಿ ಒಂದು ಬಕೆಟ್ಟು ಮರಳು ತಂದೆ.

ಮರಳು ಒಣಗಿರಬೇಕು ಎಂದು ಆಫೀಸಿನಲ್ಲಿ ಯಾರೂ ಹೇಳಿರಲಿಲ್ಲ. ಮೇಸ್ತ್ರಿ ಸಿಮೆಂಟಿಗೆಂದು ಆಗಷ್ಟೇ ನೀರು ಚಿಮುಕಿಸಿದ್ದನಂತೆ. ಒಳಗೆಲ್ಲ ಹಬೆಯಾಗಿ ಕೇಕು ಕಂದು ಬಣ್ಣಕ್ಕೆ ತಿರುಗಲೇ ಇಲ್ಲ, ಬೆಳ್ಳಗೆ, ಮೆತ್ತಗೆ, ದುಂಡಗೆ ಕೂತಿತ್ತು. ಮೇಲೆ ಚಾಕೊಲೇಟ್ ಸುರಿದೆ, ನಿಲ್ಲದೆ ತಟ್ಟೆಗೆ ಇಳಿಯಿತು. ಮಕ್ಕಳು ತಿಂದು ಆಟಕ್ಕೆ ಓಡಿದವು. ಕೆಳಗಿನ ಮನೆ ಮಾಮಿಗೆ ಅಮ್ಮ ಒಂದು ತುಂಡು ಕೊಟ್ಟು ಬಂದಳು. ಸಂಜೆ ಮಾಮಿ ತಟ್ಟೆ ವಾಪಸು ಕೊಡಲು ಬಂದವರು ತುಂಬ ಮರ್ಯಾದೆಯಿಂದ ಹೇಳಿದರು: ಇಡ್ಲಿ ಪಂಜು ಪೋಲೆ, ಹತ್ತಿಯ ಹಾಗೆ ಬಂದಿದೆ, ಸಕ್ಕರೆ ಯಾಕೆ ಹಾಕಿದಿರೋ ತಿಳಿಯಲಿಲ್ಲ, ಆ ಕರೀ ಚಟ್ನಿಯೂ ಸ್ವಲ್ಪ ಸಿಹಿ ಆಯಿತು.

೨. ಓವನ್ ಬಾಗಿಲು

ಮರು ವರ್ಷ ಒಂದು ಚಿಕ್ಕ ಓವನ್ ತಂದೆವು. ಅದರ ಜೊತೆ ಬಂದ ಪುಸ್ತಕದಲ್ಲಿ ಕೇಕು ಬೇಯುವಾಗ ಬಾಗಿಲು ತೆಗೆಯಬೇಡಿ ಎಂದು ದಪ್ಪ ಅಕ್ಷರದಲ್ಲಿ ಬರೆದಿತ್ತು. ನಾನು ಅದನ್ನು ಎರಡು ಸಲ ಓದಿದ್ದೆ. ಆದರೆ ಉಬ್ಬಿದೆಯೋ ಇಲ್ಲವೋ ಎಂದು ಒಂದು ಸಲ ನೋಡದಿದ್ದರೆ ಹೇಗೆ? ಉಬ್ಬಿತ್ತು. ಇನ್ನೂ ಉಬ್ಬಿದೆಯೋ ಎಂದು ಮತ್ತೆ ನೋಡಿದೆ. ಹೀಗೆ ಎಷ್ಟು ಸಲ ನೋಡಿದೆನೋ ನೆನಪಿಲ್ಲ. ಹೆಂಡತಿ ಎಣಿಸಿದ್ದಳು. ಹದಿನೇಳು.

ಪ್ರತಿ ಸಲ ತಣ್ಣನೆ ಗಾಳಿ ನುಗ್ಗಿದರೆ ಉಬ್ಬಿದ್ದು ಕುಸಿಯುತ್ತದೆ, ಅದಕ್ಕೇ ತೆಗೆಯಬೇಡಿ ಎಂದದ್ದು. ಹೊರಗೆ ಬಂದಾಗ ಅಂಚು ಎತ್ತರಕ್ಕೆ ನಿಂತು ನಡುವೆ ಬಟ್ಟಲಿನಷ್ಟು ಹಳ್ಳ ಬಿದ್ದಿತ್ತು. ನಾನು ಸುಮ್ಮನೆ ಇರದೆ, ತುಂಬಿದರೆ ಸರಿಹೋಗುತ್ತದೆ ಎಂದು ಮಾಡಿಟ್ಟಿದ್ದ ಚಾಕೊಲೇಟನ್ನೆಲ್ಲ ಆ ಹಳ್ಳಕ್ಕೇ ಸುರಿದೆ. ಮಗಳು ಬಂದು ನೋಡಿ, ‘ಅಪ್ಪಾ, ಇದು ಕೇಕಾ, ಕಿಣರಾ?’ ಎಂದಳು. ಕಿಣರು ಎಂದರೆ ಬಾವಿ.

ಅಮ್ಮ ಕನ್ನಡಕ ಏರಿಸಿಕೊಂಡು ಬಹಳ ಹೊತ್ತು ನೋಡಿದಳು. ಆಮೇಲೆ ನನ್ನ ಪರವಾಗಿಯೇ ಮಾತಾಡಿದಳು. ಮಗುವಿಗೆ ಸಮಾಧಾನ ಹೇಳುತ್ತ, ಬಾವಿ ಅಲ್ಲ ಪುಟ್ಟಿ, ನಿಮ್ಮಪ್ಪ ಚಿಕ್ಕೋನಿದ್ದಾಗಿಂದ ಹಾಗೇನೇ, ಏನು ಬಡಿಸಿದ್ರೂ ಮೊದಲು ಸಾರಿಗೆ ಗುಂಡಿ ತೋಡಿಕೊಳ್ತಾನೆ ಎಂದಳು.

೩. ಬಸ್ಸಿನಲ್ಲಿ ಒಂದು ಸಲ

ಇದು ಹುಟ್ಟುಹಬ್ಬದ ದಿನ ನಡೆದದ್ದಲ್ಲ. ಅಭ್ಯಾಸಕ್ಕೆಂದು ಮಾಡಿದ್ದ ಒಂದು ಕೇಕನ್ನು ಆಫೀಸಿನವರಿಗೆ ತಿನ್ನಿಸಿ ಅಭಿಪ್ರಾಯ ಕೇಳೋಣ ಎಂದು ರಟ್ಟಿನ ಡಬ್ಬದಲ್ಲಿ ಇಟ್ಟುಕೊಂಡು ಹೊರಟಿದ್ದೆ. ಚೆನ್ನೈ ಬಸ್ಸಿನಲ್ಲಿ ಬೆಳಗ್ಗೆ ಹೋದವರಿಗೆ ಗೊತ್ತಿರುತ್ತದೆ, ಕಂಡಕ್ಟರ್ ಹಿಂದಿನ ಬಾಗಿಲ ಪಕ್ಕದ ಸೀಟು ಬಿಟ್ಟು ಏಳುವುದಿಲ್ಲ. ಟಿಕೆಟಿನ ದುಡ್ಡು ಕೈಯಿಂದ ಕೈಗೆ ಹಿಂದಕ್ಕೆ ಹೋಗುತ್ತದೆ, ಟಿಕೆಟ್ಟು ಹಾಗೇ ಮುಂದಕ್ಕೆ ಬರುತ್ತದೆ. ಬಹಳ ನಂಬಿಕೆಯ ವ್ಯವಸ್ಥೆ.

ನಾನು ಮುಂದೆ ನಿಂತಿದ್ದೆ. ಜೇಬಿನಿಂದ ಚಿಲ್ಲರೆ ತೆಗೆಯಲು ಕೈ ಖಾಲಿ ಇರಲಿಲ್ಲ, ಒಂದು ನಿಮಿಷ ಹಿಡಿದುಕೊಳ್ಳಿ ಎಂದು ಪಕ್ಕದವರಿಗೆ ಡಬ್ಬ ಕೊಟ್ಟೆ. ಅವರು ಅಭ್ಯಾಸಬಲದಿಂದ ಅದನ್ನು ಹಿಂದಿನವರಿಗೆ ದಾಟಿಸಿದರು. ನಾನು ತಿರುಗುವಷ್ಟರಲ್ಲಿ ಕೇಕು ತಲೆಗಳ ಮೇಲೆ ತೇಲುತ್ತ ನಾಲ್ಕು ಸೀಟು ದಾಟಿತ್ತು. ಕೂಗಿದೆ. ಅವಸರ ಎಂದುಕೊಂಡರೋ ಏನೋ, ಇನ್ನೂ ಬೇಗ ದಾಟಿಸಿದರು.

ಅದರ ಹಿಂದೆಯೇ ನುಸುಳಿಕೊಂಡು ಕಂಡಕ್ಟರ್ ಹತ್ತಿರ ತಲುಪಿದೆ. ಡಬ್ಬ ಅವರ ತೊಡೆಯ ಮೇಲಿತ್ತು, ಮೂಲೆಯಿಂದ ಚಾಕೊಲೇಟ್ ತೊಟ್ಟಿಕ್ಕುತ್ತಿತ್ತು, ದಾರಿಯುದ್ದಕ್ಕೂ ಜನ ಅಂಗಿ ಒರೆಸಿಕೊಳ್ಳುತ್ತಿದ್ದರು. ನಾನು ಗಾಬರಿಯಲ್ಲಿ, ಇದಕ್ಕೂ ಲಗೇಜು ಟಿಕೆಟ್ ಬೇಕಾ ಎಂದು ಕೇಳಿದೆ. ಅವರು ಡಬ್ಬವನ್ನು ನನ್ನ ಕೈಗಿಟ್ಟು ಬೇಡ ಎಂದರು. ಟಿಕೆಟ್ಟು ಒಂದೇ ಸ್ಟಾಪಿನಲ್ಲಿ ಪೂರ್ತಿ ಇಳಿಯುವವರಿಗೆ ಸಾರ್, ಇದು ಹತ್ತಿದಾಗಿನಿಂದ ಪ್ರತಿ ಸೀಟಿನಲ್ಲೂ ಸ್ವಲ್ಪ ಸ್ವಲ್ಪ ಇಳೀತಾ ಇದೆ.

೪. ತಾರಸಿಯ ಮೇಲೆ ಎರಡು ಸೀರೆ

ಎಸೆನ್ಸು ಹಾಕಿದರೆ ಕೆಮ್ಮಿನ ಔಷಧಿಯ ವಾಸನೆ ಬರುತ್ತದೆ ಎಂದು ಹೆಂಡತಿ ಎರಡು ವರ್ಷವೂ ಹೇಳಿದ್ದಳು. ನಿಜವಾದ ಕಿತ್ತಳೆ ಸಿಪ್ಪೆಯ ಪುಡಿ ಹಾಕಬೇಕು. ಮೇ ತಿಂಗಳಲ್ಲಿ ಒಳ್ಳೆಯ ಕಿತ್ತಳೆ ಸಿಗುವುದಿಲ್ಲ. ಆದ್ದರಿಂದ ಮೂರನೇ ವರ್ಷ ಜನವರಿಯಲ್ಲೇ ಹಣ್ಣು ತಿಂದು ಸಿಪ್ಪೆಯನ್ನು ತಾರಸಿಯ ಮೇಲೆ ಹಳೇ ಸೀರೆ ಹಾಸಿ ಒಣಗಲು ಇಟ್ಟೆ. ಕಾಗೆ ಬಂದೀತು, ಗಾಳಿ ಬೀಸೀತು ಎಂದು ಭಾನುವಾರವೆಲ್ಲ ಅರ್ಧ ಗಂಟೆಗೊಮ್ಮೆ ಮೇಲೆ ಹೋಗಿ ಬರುತ್ತಿದ್ದೆ.

ಆದರೆ ನಮ್ಮ ಕಡೆ ಕಿತ್ತಳೆ ಸಿಪ್ಪೆ ಎಂದರೆ ಮೊದಲು ನೆನಪಾಗುವುದು ಗೊಜ್ಜು. ಅಮ್ಮ ತಿಂದ ಹಣ್ಣಿನ ಸಿಪ್ಪೆಯನ್ನು ಬಿಟ್ಟಾಳೆಯೇ? ತನ್ನ ಪಾಲಿಗೆ ಉಪ್ಪು, ಖಾರ, ಹುಣಿಸೆರಸ ಹಚ್ಚಿ ಪಕ್ಕದಲ್ಲೇ ಇನ್ನೊಂದು ಸೀರೆಯ ಮೇಲೆ ಒಣಗಿಸಿದ್ದಳು. ಮಳೆಗಾಲಕ್ಕೆ ನೆನೆಸಿ ಬೆಲ್ಲ ಹಾಕಿದರೆ ಗೊಜ್ಜು ಸಿದ್ಧ. ಎರಡೂ ಒಣಗಿದ ಮೇಲೆ ಎರಡು ಡಬ್ಬಕ್ಕೆ ಹೋದವು. ಮೇ ತಿಂಗಳಲ್ಲಿ ನಾನು ಒಂದನ್ನು ತೆಗೆದು ಪುಡಿ ಮಾಡಿದಾಗ ಅದರ ಕೆಂಪು ಬಣ್ಣ ನೋಡಿ, ನಿಜವಾದ ಹಣ್ಣಿನ ಬಣ್ಣವೇ ಬೇರೆ ಎಂದು ಹೆಂಡತಿಯನ್ನು ಕರೆದು ತೋರಿಸಿದೆ.

ಆ ವರ್ಷ ಕೇಕು ಕುಸಿಯಲಿಲ್ಲ. ನೋಡಲು ಚೆನ್ನಾಗಿತ್ತು. ಮೊದಲ ತುತ್ತಿಗೆ ಮಕ್ಕಳ ಮುಖದಲ್ಲಿ ಚಾಕೊಲೇಟಿನ ಖುಷಿ ಕಂಡಿತು, ಎರಡನೆಯದಕ್ಕೆ ಕಣ್ಣಲ್ಲಿ ನೀರು. ಹನ್ನೊಂದು ಮಕ್ಕಳು ಒಟ್ಟಿಗೆ ನೀರಿನ ಕೊಡದ ಕಡೆಗೆ ಓಡಿದವು. ಮಗಳು ಅಳಲಿಲ್ಲ, ಅದೇ ನನಗೆ ಹೆಚ್ಚು ಚುಚ್ಚಿತು. ಏನಾಯಿತೆಂದು ತಿಳಿಯಲು ಅಮ್ಮ ಒಂದು ಚೂರು ಬಾಯಿಗಿಟ್ಟುಕೊಂಡು ಕಣ್ಣು ಮುಚ್ಚಿ ಚಪ್ಪರಿಸಿದಳು. ನಂತರ ಇನ್ನೊಂದು ಚೂರು. ಕೇಕಿನ ವಿಷಯ ನಂಗೊತ್ತಿಲ್ಲಪ್ಪ, ಒಂದು ತುತ್ತು ಬಿಸಿ ಅನ್ನ ಇದ್ದಿದ್ರೆ ಆಗ್ತಿತ್ತು ಎಂದಳು.

೫. ನಾಲ್ಕೂವರೆಯಿಂದ ಆರು

ನಾಲ್ಕನೇ ವರ್ಷ ನಾನು ಹೆದರಿದ್ದ ಮಾತು ಬಂದೇ ಬಂತು. ಮಗಳು ಏಪ್ರಿಲಿನಲ್ಲಿ ಒಂದು ಸಂಜೆ ನನ್ನ ಪಕ್ಕ ಬಂದು ಕೂತು, ಬಹಳ ಮೆಲ್ಲಗೆ, ‘ಅಪ್ಪಾ, ಇಂದ ವರ್ಷಂ ಕಡೈ ಕೇಕ್ ವಾಂಗಿಡಲಾಮಾ?’ ಎಂದು ಕೇಳಿದಳು. ಅಂಗಡಿಯದೇ ತರೋಣವೇ ಎಂದು. ಸಿಟ್ಟಿನಿಂದ ಕೇಳಿದ್ದರೆ ತಡೆದುಕೊಳ್ಳುತ್ತಿದ್ದೆ. ನಿನಗೆ ತುಂಬ ಕಷ್ಟ ಆಗ್ತಿದೆ ಎಂದು ಬೇರೆ ಸೇರಿಸಿದಳು. ಕಡೇ ಸಲ ಒಂದು ಅವಕಾಶ ಕೊಡು ಎಂದೆ. ಕೆಟ್ಟರೆ ಮುಂದಿನ ವರ್ಷದಿಂದ ಬೇಕರಿ ಎಂದು ಒಪ್ಪಂದವಾಯಿತು. ಹೆಂಡತಿ ಆ ವಾರವೇ ಎರಡು ಬೇಕರಿ ನೋಡಿಕೊಂಡು ಬಂದಳು.

ಆ ಸಲ ನಾನು ಎಲ್ಲ ಮುಂಜಾಗ್ರತೆ ಮಾಡಿದೆ. ಸಿಪ್ಪೆಯ ಡಬ್ಬವನ್ನು ಆಫೀಸಿನ ಮೇಜಿನ ಡ್ರಾಯರಿನಲ್ಲಿ ಬೀಗ ಹಾಕಿ ಇಟ್ಟಿದ್ದೆ. ಕೇಕು ಬೇಯುವಾಗ ಮಾಮಿ ಕುರ್ಚಿ ಹಾಕಿಕೊಂಡು ಓವನ್ನಿನ ಬಾಗಿಲಿಗೆ ಬೆನ್ನು ಕೊಟ್ಟು ಕೂತರು, ನಾನು ಹತ್ತಿರ ಬಂದಾಗಲೆಲ್ಲ ಮೊಣಕೈ ಚಾಚಿದರು. ಕೇಕು ಸಮನಾಗಿ ಉಬ್ಬಿತು. ಮನೆಯೆಲ್ಲ ಕಿತ್ತಳೆಯ ಘಮ. ಫ್ರಾಸ್ಟಿಂಗ್ ಹೊಳೆಯುತ್ತ ನಿಂತಿತು. ಮೂರು ಗಂಟೆಗೆ ಅದನ್ನು ನಡುಮನೆಯ ಮೇಜಿನ ಮೇಲೆ ಗೋಡೆಗೆ ತಾಗಿಸಿ ಇಟ್ಟೆವು. ಅಲುಗಿದರೆ ಜಾರುತ್ತದೆ, ಇನ್ನು ಯಾರೂ ಮುಟ್ಟಬೇಡಿ ಎಂದು ಹೆಂಡತಿ ಎಲ್ಲರಿಗೂ ಹೇಳಿದಳು, ನನ್ನನ್ನು ನೋಡಿಕೊಂಡು.

ನಾಲ್ಕಕ್ಕೆ ಬರಬೇಕಾದ ಮಕ್ಕಳು ಬಂದು ಮುಗಿದಾಗ ನಾಲ್ಕೂವರೆ ದಾಟಿತ್ತು. ಮಗಳ ಕೈಗೆ ಚಾಕು ಕೊಡುವಷ್ಟರಲ್ಲಿ ಅಮ್ಮ ಒಳಗಿನಿಂದ ಕೇಳಿದಳು, ‘ಇವತ್ತು ಭಾನುವಾರ ಅಲ್ವೇನೋ?’

ಮಾಮಿ ತಕ್ಷಣ ಗೋಡೆಯ ಕ್ಯಾಲೆಂಡರ್ ನೋಡಿದರು. ಭಾನುವಾರ ನಾಲ್ಕೂವರೆಯಿಂದ ಆರರ ತನಕ ರಾಹುಕಾಲ. ಆ ಹೊತ್ತಿನಲ್ಲಿ ಯಾವ ಶುಭಕಾರ್ಯವನ್ನೂ ಶುರು ಮಾಡುವ ಹಾಗಿಲ್ಲ. ನಮ್ಮ ಹುಳಿ ಮೇಲೋ ಅವರ ಸಾಂಬಾರು ಮೇಲೋ ಎಂದು ನಾಲ್ಕು ವರ್ಷದಿಂದ ಒಮ್ಮತಕ್ಕೆ ಬರದ ಅಮ್ಮ, ಮಾಮಿ ಇಬ್ಬರೂ ಇದೊಂದರಲ್ಲಿ ಒಂದಾದರು. ಇದು ಇಂಗ್ಲಿಷರ ತಿಂಡಿ, ಇದಕ್ಕೆಲ್ಲ ರಾಹುಕಾಲ ಇರುತ್ತಾ ಎಂದು ಹೆಂಡತಿ ವಾದಿಸಿ ನೋಡಿದಳು. ರಾಹುವಿಗೆ ಇಂಗ್ಲಿಷ್ ಬರೋದಿಲ್ಲ ಅಂತ ನಿನಗೆ ಯಾರು ಹೇಳಿದ್ದು ಎಂದರು ಮಾಮಿ.

ಐದಕ್ಕೆ ಹತ್ತು ನಿಮಿಷ ಇದ್ದಾಗ ಕರೆಂಟು ಹೋಯಿತು.

ನಾನು ಬೀಸಣಿಗೆ ಹಿಡಿದೆ. ಮಕ್ಕಳಿಗೂ ಹಳೇ ಪೇಪರು ಹಂಚಿದೆ. ಕಾಯಿಲೆಯವರ ಹಾಸಿಗೆಯ ಸುತ್ತ ಕೂತ ನೆಂಟರ ಹಾಗೆ ಹನ್ನೊಂದು ಮಕ್ಕಳು ಕೇಕಿಗೆ ಗಾಳಿ ಬೀಸುತ್ತ ಕೂತವು. ಐದಕ್ಕೆ ಫ್ರಾಸ್ಟಿಂಗಿನ ಹೊಳಪು ಹೆಚ್ಚಾಯಿತು. ಐದೂಕಾಲಿಗೆ ಮುಂಭಾಗ ಒಂದು ಬೆರಳಿನಷ್ಟು ಕೆಳಗೆ ಸರಿಯಿತು. ನಾನು ಗಡಿಯಾರದಿಂದ ಕೇಕಿಗೆ, ಕೇಕಿನಿಂದ ಬಾಲ್ಕನಿಗೆ, ಬಾಲ್ಕನಿಯಿಂದ ಗಡಿಯಾರಕ್ಕೆ ತಿರುಗಿದೆ. ಕೂತ್ಕೊಳ್ಳಿ, ನಿಮ್ಮನ್ನು ನೋಡಿಯೇ ಅದು ಕರಗ್ತಿದೆ ಎಂದಳು ಹೆಂಡತಿ. ಮಗಳು ಮಾತ್ರ ನನ್ನನ್ನೂ ನೋಡದೆ ಕೇಕನ್ನೂ ನೋಡದೆ ಮೇಜಿನ ಪಕ್ಕ ಗೋಡೆಗೆ ಒರಗಿ ಕೂತಿದ್ದಳು. ಮುಗಿಯಿತು, ಇನ್ನು ಬೇಕರಿಯೇ ಎಂದುಕೊಂಡೆ.

ಐದೂವರೆಗೆ ಅವಳು ಅಜ್ಜಿಯನ್ನು ಕರೆದಳು. ‘ಅಜ್ಜಿ, ರಾಹುಕಾಲ ಬರೋಕ್ಮುಂಚೆ ಶುರು ಮಾಡಿದ್ರೆ?’

ಹಾಗಿದ್ದರೆ ತೊಂದರೆಯಿಲ್ಲ ಎಂದು ಅಮ್ಮ ವಿವರಿಸಿದಳು. ಮುಂಚೆಯೇ ಶುರುವಾದದ್ದನ್ನು ನಡುವೆ ನಿಲ್ಲಿಸಬಾರದು, ನಿಲ್ಲಿಸಿದರೆ ಅದೇ ದೋಷ. ಮಾಮಿಯೂ ತಲೆಯಾಡಿಸಿದರು.

ಮಗಳು ಎದ್ದು ಎರಡೂ ಕೈಯಿಂದ ಕೇಕಿನ ತಟ್ಟೆಯನ್ನು ಮೆಲ್ಲಗೆ ತಿರುಗಿಸಿದಳು. ಗೋಡೆಯ ಕಡೆಗಿದ್ದ ಭಾಗದಲ್ಲಿ ನನ್ನ ಮುಷ್ಟಿ ಹಿಡಿಯುವಷ್ಟು ದೊಡ್ಡ ಗವಿ ಇತ್ತು. ಒಳಗೆ ಚಮಚದ ಗುರುತು ಸಾಲಾಗಿ ಕಾಣುತ್ತಿತ್ತು.

‘ಮೂರೂವರೆಗೇ ಶುರು ಮಾಡ್ದೆ,’ ಎಂದಳು.

ಹೆಂಡತಿ ನನ್ನ ಕಡೆ ನೋಡಿದಳು, ಗದರಿಸಿ ಎಂದು. ಅಮ್ಮ ಬಗ್ಗಿ ಗವಿಯನ್ನು ಪರೀಕ್ಷಿಸಿ, ಸರಿಯಾಗಿ ಮೂರೂವರೆಯೇ ತಾನೇ ಎಂದು ಖಚಿತ ಮಾಡಿಕೊಂಡಳು. ನಾನು ಗದರಿಸಲು ಬಾಯಿ ತೆರೆದೆ, ಹೇಗಿತ್ತು ಎಂಬ ಮಾತು ಹೊರಬಂತು. ‘ಅದನಾಲೆದಾನ್ ನಾಲು ಮಣಿಕ್ಕು ತಿರುಂಬ ವಂದೇನ್,’ ಎಂದಳು. ಅದಕ್ಕೇ ನಾಲ್ಕಕ್ಕೆ ಮತ್ತೆ ಬಂದೆ ಎಂದು.

ಶುರುವಾದದ್ದನ್ನು ನಿಲ್ಲಿಸಬಾರದೆಂದು ಎಲ್ಲರೂ ಅಲ್ಲೇ ಮುಂದುವರಿಸಿದೆವು. ಹತ್ತು ನಿಮಿಷದಲ್ಲಿ ತಟ್ಟೆ ಖಾಲಿ. ಮಾಮಿ ಬೆರಳು ನೆಕ್ಕಿಕೊಳ್ಳುತ್ತ ಕ್ಯಾಲೆಂಡರ್ ಲೆಕ್ಕ ಹಾಕಿ, ಮುಂದಿನ ವರ್ಷ ಸೋಮವಾರ ಬರುತ್ತದೆ, ರಾಹುಕಾಲ ಬೆಳಗ್ಗೆ ಒಂಬತ್ತಕ್ಕೇ ಮುಗಿಯುತ್ತದೆ, ಚಿಂತೆಯಿಲ್ಲ ಎಂದು ಅಮ್ಮನಿಗೆ ಹೇಳಿದರು. ಮಗಳು ಬಾಯಿ ತುಂಬ ಕೇಕು ಇಟ್ಟುಕೊಂಡೇ ಅಜ್ಜಿಯ ಕಡೆ ತಿರುಗಿದಳು.

‘ಇರ್ಲಿ ಅಜ್ಜಿ, ಯಾವುದಕ್ಕೂ ನಾನು ಮೂರೂವರೆಗೇ ಶುರು ಮಾಡಿಬಿಡ್ತೀನಿ.’