ನಮ್ಮ ಮನೆಯ ಮೂರು ಜನರ ಪ್ಲಟೂನು

ಕರೆಂಟು ಯಾವಾಗ ಹೋಗುತ್ತದೆ, ಕಪಿಲೆಯಲ್ಲಿ ನೀರು ಎಷ್ಟು ಏರಿದೆ, ಪರೀಕ್ಷೆಗೆ ಬರುವ ಮಕ್ಕಳು ಏನೇನು ತರಬೇಕು ಎಂದು ಜನರಿಗೆ ಮುಂಚಿತವಾಗಿ ತಿಳಿಸುವುದು ನನ್ನ ಕಸುಬು. ನಂಜನಗೂಡಿನಲ್ಲಿ ಕುಳಿತು ಸುದ್ದಿ ಬರೆದು, ಕವರಿಗೆ ಹಾಕಿ, ಮೈಸೂರಿನ ಪತ್ರಿಕೆಗೆ ತಲುಪಿಸಲೆಂದು ಸಂಜೆ ಬಸ್ಸಿನ ಕಂಡಕ್ಟರ್ ಕೈಗೆ ಕೊಡುತ್ತಿದ್ದ ಕಾಲ ಅದು. ನಮ್ಮೂರಿನ ಹೈಸ್ಕೂಲಿನಲ್ಲಿ ಮಿಲಿಟರಿ ಮಾದರಿಯ ಕೆಡೆಟ್ ದಳ ಶುರುವಾದ ಸುದ್ದಿಯನ್ನೂ ನಾನೇ ಬರೆದೆ. ‘ಮಕ್ಕಳಲ್ಲಿ ಶಿಸ್ತು, ಧೈರ್ಯ ಹಾಗೂ ನಾಯಕತ್ವದ ಗುಣಗಳನ್ನು ಬೆಳೆಸುವುದು ಇದರ ಉದ್ದೇಶ’ ಎಂಬ ವಾಕ್ಯ ಅದರಲ್ಲಿತ್ತು. ವಾಕ್ಯದಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಮಗು ಸೇರಿದ ಮೇಲೆ ಮನೆಯ ಉಳಿದವರ ಗತಿ ಏನು ಎಂಬ ಬಗ್ಗೆ ಒಂದು ಸಾಲೂ ಇರಲಿಲ್ಲ. ಈಗ ಯಾರಾದರೂ ತಂದೆತಾಯಿಗಳು ಬಂದು, ಸೇರಿಸಿದರೆ ಏನೇನಾಗಬಹುದು ಎಂದು ಕೇಳಿದರೆ ಅವರನ್ನು ಮೊದಲು ಕೂರಿಸುತ್ತೇನೆ. ನಾನು ಮಾತ್ರ ನಿಂತುಕೊಂಡೇ ಹೇಳಬೇಕಾಗುತ್ತದೆ.

ನಮ್ಮ ಮಗಳು ಸೌಮ್ಯಳಿಗೆ ಆಗ ಒಂಬತ್ತನೇ ಕ್ಲಾಸು. ಹಾಜರಿ ಕೂಗಿದಾಗ ಅವಳು ಹೇಳುವ ‘ಎಸ್ ಸಾರ್’ ಪಕ್ಕದ ಹುಡುಗಿಗೂ ಕೇಳಿಸುತ್ತಿರಲಿಲ್ಲ. ಮೊದಲ ಬೆಂಚಿನಲ್ಲಿ ಕುಳಿತೇ ಗೈರುಹಾಜರಾಗುತ್ತಿದ್ದ ಹುಡುಗಿ. ಅಂಗಡಿಗೆ ಕಳಿಸಿದರೆ ತನ್ನ ಹಿಂದೆ ಬಂದವರೆಲ್ಲ ಸಾಮಾನು ಕೊಂಡು ಹೋಗುವ ತನಕ ನಿಂತಿದ್ದು, ಅಂಗಡಿಯವನು ಊಟಕ್ಕೆಂದು ಬಾಗಿಲೆಳೆದಾಗ ಬರಿಗೈಯಲ್ಲಿ ವಾಪಸ್ಸು ಬರುತ್ತಿದ್ದಳು. ಒಂದು ದಿನ ನನ್ನ ಮೇಜಿನ ಪಕ್ಕ ನಿಂತು ಏನೋ ಅಂದಳು. ಏನಮ್ಮಾ ಎಂದೆ. ಮತ್ತೆ ಅಂದಳು. ಬರೆಯುವುದನ್ನು ನಿಲ್ಲಿಸಿ ಕಿವಿಯನ್ನು ಅವಳ ಬಾಯಿಯ ಬಳಿ ಒಯ್ದ ಮೇಲೆ ಕೇಳಿಸಿತು: ‘ನಾನೂ ದಳಕ್ಕೆ ಸೇರ್ತೀನಪ್ಪ. ಅಲ್ಲಿ ಕೂಗೋದು ಕಲಿಸ್ತಾರಂತೆ.’ ಇಂಥ ಮಾತಿಗೆ ಬೇಡ ಎನ್ನುವ ಅಪ್ಪ ಯಾರಿದ್ದಾನೆ?

ಮೊದಲು ಹೋದದ್ದು ನಮ್ಮಮ್ಮನ ಗಂಜಿ. ಅಮ್ಮ ಮೂಗೂರಿನವಳು, ಅನ್ನ ಬಸಿದ ಗಂಜಿಗೆ ಉಪ್ಪು, ಮಜ್ಜಿಗೆ ಬೆರೆಸಿ ಕುಡಿಯದಿದ್ದರೆ ಅವಳಿಗೆ ದಿನ ಶುರುವಾಗುತ್ತಿರಲಿಲ್ಲ. ಈಗ ಆ ಗಂಜಿಯೆಲ್ಲ ಖಾಕಿ ಬಟ್ಟೆಗೆ ಮೀಸಲಾಯಿತು. ನನ್ನ ಹೆಂಡತಿ ಗಿರಿಜ ಉತ್ಸಾಹದಲ್ಲಿ ಎಷ್ಟು ಗಂಜಿ ಹಾಕಿದಳೆಂದರೆ, ಒಣಗಿದ ಪ್ಯಾಂಟು ಬಾಗಿಲ ಹಿಂದೆ ತಾನೇ ತಾನಾಗಿ ನಿಂತಿತು. ‘ಯಾರ್ಲಾ ಅದು, ಒಳೀಕ್ ಬಂದು ಮಾತೂ ಆಡ್ದೆ ನಿಂತವ್ನೆ?’ ಎಂದು ಅಮ್ಮ ಅದನ್ನು ವಿಚಾರಿಸಿದಳು. ಪ್ಯಾಂಟು ಎಂದು ತಿಳಿದ ಮೇಲೂ ಅವಳ ಸಿಟ್ಟು ಇಳಿಯಲಿಲ್ಲ. ‘ಮುದ್ಕಿ ಒಟ್ಟೆಗಿಲ್ಲ, ಪ್ಯಾಂಟ್ ಕುಡ್ಕೊಂಡು ಕೊಬ್ಬೈತೆ!’ ಬೆಲ್ಟಿನ ಹಿತ್ತಾಳೆ ಉಜ್ಜುವ ಕೆಲಸ ನನ್ನ ಪಾಲಿಗೆ ಬಂತು. ಅದರ ಮೇಲೆ ನನ್ನ ಮುಖ ಕಾಣುವಷ್ಟು ಉಜ್ಜಬೇಕೆಂದು ಅಪ್ಪಣೆಯಾಗಿತ್ತು. ಉಜ್ಜಿದೆ. ಕಂಡಿತು. ಆ ದಿನಗಳ ನನ್ನ ಮುಖ ಅಷ್ಟು ಸ್ಪಷ್ಟವಾಗಿ ಕಾಣದಿದ್ದರೂ ನಡೆಯುತ್ತಿತ್ತು.

ಇಷ್ಟಾದರೂ ದನಿ ಮಾತ್ರ ಏಳಲಿಲ್ಲ. ಡ್ರಿಲ್ ಕಲಿಸುತ್ತಿದ್ದವರು ಬನ್ನೂರು ಕಡೆಯ ನಿವೃತ್ತ ಹವಾಲ್ದಾರ್ ಮಾದಯ್ಯನವರು. ಅವರನ್ನೇ ಹೋಗಿ ವಿಚಾರಿಸಿದೆ.

‘ದನಿಯಾ? ಸೊಳ್ಳೆ ವಾಸಿ ಸಾ. ಸೊಳ್ಳೆ ಬಂದ್ರೆ ನಾಕ್ ಜನ ಆದ್ರೂ ತಿರುಗಿ ನೋಡ್ತರೆ. ಮನೇಲಿ ಕಮಾಂಡ್ ಕೊಡ್ಸಿ.’

‘ಗೋಡೆ ಮುಂದೆ ನಿಲ್ಲಿಸಿ ಹೇಳಿಸಲೇ?’

‘ಗೋಡೆ ತಿರುಗ್ತದಾ ಸಾ? ತಾನು ಏಳಿದ್ಕೆ ಮನ್ಸ ತಿರುಗ್ದ ಅಂತ ಕಣ್ಣಾರ ಕಂಡ್ರೇನೆ ಗಂಟ್ಲು ಬುಡೋದು. ನೀವು ಮೂರ್ ಜನ ಇದ್ದೀರಲ್ಲ, ಸಾಲಾಗಿ ನಿಂತ್ಕಳಿ. ಒಂದೇ ರೂಲ್ಸು. ಸಾವಧಾನ್ ಅಂದ್ರೆ ನೆಟ್ಟಗಾಗ್ಬೇಕು. ವಿಶ್ರಾಮ್ ಅನ್ನೋಗಂಟ ಅಲ್ಲಾಡ್ಕೂಡ್ದು.’

ನಿಂತೆವು. ಹಿತ್ತಲಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಪಕ್ಕ, ಎತ್ತರದ ಪ್ರಕಾರ ನಾನು, ಗಿರಿಜ, ಅಮ್ಮ. ಮೊದಮೊದಲು ಅವಳು ಪಿಸುಗುಟ್ಟುವುದು ಕೇಳಿಸದೆ ನಾವು ಮೂರು ದಿಕ್ಕಿಗೆ ತಿರುಗಿ ಒಬ್ಬರ ಮುಖ ಒಬ್ಬರು ನೋಡುತ್ತಿದ್ದೆವು. ತಪ್ಪಾಗಿ ತಿರುಗಿದವರಲ್ಲಿ ಅಮ್ಮನ ಹೆಸರೇ ಹೆಚ್ಚು ಬರುತ್ತಿತ್ತು. ‘ನಿನ್ ಮಗ್ಳು ಮನ್ಸಿನಲ್ಲೇ ಏಳ್ಕೊಂಡ್ರೆ ನಂಗೆ ಕನಸು ಬೀಳ್ತದಾ?’ ಎಂದು ಅವಳು ನನ್ನನ್ನೇ ತರಾಟೆಗೆ ತೆಗೆದುಕೊಂಡಳು. ಬರಬರುತ್ತ ದನಿ ಎದ್ದಿತು. ಹಿತ್ತಲಿನಿಂದ ನಡುಮನೆಗೆ, ನಡುಮನೆಯಿಂದ ಅಡುಗೆಮನೆಗೆ ಬಂತು. ಆಮೇಲೆ ಹೊತ್ತುಗೊತ್ತು ಉಳಿಯಲಿಲ್ಲ. ಒಗ್ಗರಣೆ ಸೀಯುವಾಗ ಗಿರಿಜ ಸೌಟು ಹಿಡಿದು ನೆಟ್ಟಗೆ ನಿಂತಿದ್ದಳು. ಮೈಸೂರಿನಿಂದ ಉಪಸಂಪಾದಕರು ಫೋನ್ ಮಾಡಿ ಒಂದು ಹೆಸರನ್ನು ಖಚಿತಪಡಿಸಿಕೊಳ್ಳುತ್ತಿದ್ದಾಗ ‘ಸಾವಧಾನ್!’ ಬಿತ್ತು. ನಾನು ರಿಸೀವರನ್ನು ತೊಡೆಗೆ ಒತ್ತಿಕೊಂಡು ನಿಂತೆ. ಮರುದಿನದ ಪತ್ರಿಕೆಯಲ್ಲಿ ಉದ್ಘಾಟಕರ ಜಾಗದಲ್ಲಿ ಅಧ್ಯಕ್ಷರ ಹೆಸರಿತ್ತು. ಇಷ್ಟು ವರ್ಷಗಳಲ್ಲಿ ನನ್ನ ಸುದ್ದಿಗೆ ಬಂದ ಮೊದಲ ತಿದ್ದುಪಡಿ ಅದು.

ಇದನ್ನೆಲ್ಲ ಸಹಿಸಬಹುದಿತ್ತು. ಆದರೆ ಮನೆಯಲ್ಲಿ ಗುಡುಗುವ ಹುಡುಗಿ ಶಾಲೆಯ ಮೈದಾನದಲ್ಲಿ ಮತ್ತೆ ಮೂಕಿ. ‘ತುಟಿ ಆಡ್ತದೆ ಸಾ, ಸೌಂಡ್ ಇಲ್ಲ. ನಮ್ಮನೆ ಹಳೇ ಟೀವಿ ಇದ್ದಂಗೆ’ ಎಂದು ಮಾದಯ್ಯನವರು ಕೈಚೆಲ್ಲಿದರು. ಟಿ. ನರಸೀಪುರದಲ್ಲಿ ಶಿಬಿರ ನಡೆಯುವುದಿತ್ತು. ಕೊನೆಯ ದಿನ ಒಬ್ಬೊಬ್ಬರೂ ಅತಿಥಿಗಳ ಮುಂದೆ ಪ್ಲಟೂನಿಗೆ ಕಮಾಂಡ್ ಕೊಡಬೇಕು. ಕೊಡಲಾಗದವರನ್ನು ದಳದಲ್ಲಿ ಉಳಿಸಿಕೊಳ್ಳುವುದಿಲ್ಲ. ಕೈಬಿಟ್ಟರೆ ನಮ್ಮಮ್ಮನಿಗೆ ಗಂಜಿ ವಾಪಸ್ಸು ಸಿಗುತ್ತದೆ ಎಂದು ನಾನು ಒಳಗೊಳಗೇ ಲೆಕ್ಕ ಹಾಕಿದ್ದು ನಿಜ. ಆದರೆ ಶಿಬಿರಕ್ಕೆ ಹೊರಡುವ ಬೆಳಿಗ್ಗೆ ಸೌಮ್ಯ ಶೂ ಲೇಸು ಕಟ್ಟುತ್ತ, ತಲೆ ಎತ್ತದೆ ತಾಯಿಗೆ ಹೇಳಿದ್ದು ನನ್ನ ಕಿವಿಗೂ ಬಿತ್ತು. ‘ಇಲ್ಲೂ ಆಗ್ಲಿಲ್ಲ ಅಂದ್ರೆ ಇನ್ನೆಲ್ಲೂ ನನ್ನನ್ನ ಯಾರೂ ಕೇಳಲ್ಲಮ್ಮ.’ ಆಮೇಲೆ ಗಂಜಿಯ ಲೆಕ್ಕವನ್ನು ಕೈಬಿಟ್ಟೆ.

ಕೊನೆಯ ದಿನ ನಾವು ಮೂವರೂ ನರಸೀಪುರದ ಬಸ್ಸು ಹತ್ತಿದೆವು. ವರದಿಗಾರನೆಂಬ ಮರ್ಯಾದೆಗೆ ಶಾಮಿಯಾನದ ಮುಂದಿನ ಸಾಲಿನಲ್ಲಿ, ಮುಖ್ಯ ಅತಿಥಿಗಳ ಪಕ್ಕದಲ್ಲೇ ಮೂವರಿಗೂ ಕುರ್ಚಿ ಸಿಕ್ಕಿತು. ಮಕ್ಕಳ ಸಾಲು ನಮಗೆ ಬೆನ್ನು ಮಾಡಿ ನಿಂತಿತ್ತು. ಕಮಾಂಡ್ ಕೊಡುವವರ ಮುಖ ಅತಿಥಿಗಳಿಗೆ ಕಾಣಲೆಂದು ಮಾದಯ್ಯನವರು ಮಾಡಿದ ಏರ್ಪಾಟು. ಸೌಮ್ಯಳ ಸರದಿ ಬಂತು. ಬಂದು ನಿಂತಳು. ತುಟಿ ಆಡಿತು. ಪ್ಲಟೂನು ಅಲುಗಲಿಲ್ಲ. ಮತ್ತೆ ತುಟಿ ಆಡಿತು. ಮಾದಯ್ಯನವರು ನೆಲ ನೋಡತೊಡಗಿದರು. ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಗಿರಿಜ ನನ್ನ ತೋಳನ್ನು ಹಿಡಿದ ಹಿಡಿತಕ್ಕೆ ಪೆನ್ನು ಬಿದ್ದುಹೋಯಿತು. ‘ಕೂಗವ್ವಾ...’ ಎಂದಳು ಅಮ್ಮ, ತನ್ನಷ್ಟಕ್ಕೆ. ಅಷ್ಟರಲ್ಲಿ ಸೌಮ್ಯಳ ಕಣ್ಣು ಪ್ಲಟೂನಿನ ತಲೆಗಳನ್ನು ದಾಟಿ ಬಂದು ನಮ್ಮ ಮೂವರ ಮೇಲೆ ನಿಂತಿತು. ನಾನು, ಗಿರಿಜ, ಅಮ್ಮ. ಹಿತ್ತಲಿನ ಅದೇ ಸಾಲು.

‘ಸಾವಧಾನ್!’

ಆಚೆ ರಸ್ತೆಯಲ್ಲಿ ಕಬ್ಬಿನ ಗಾಡಿಯೊಂದು ನಿಂತಿತು. ಪ್ಲಟೂನು ನೆಟ್ಟಗಾಯಿತು. ಅದಕ್ಕಿಂತ ಒಂದು ಕ್ಷಣ ಮೊದಲೇ ನಾವು ಮೂವರು ಎದ್ದು, ಹಿಮ್ಮಡಿ ಜೋಡಿಸಿ, ಎದೆ ಮುಂದೆ ಮಾಡಿ ನಿಂತಿದ್ದೆವು. ಅಮ್ಮನ ಕುರ್ಚಿ ಹಿಂದಕ್ಕೆ ಮಗುಚಿಬಿತ್ತು. ಮುಖ್ಯ ಅತಿಥಿಗಳು ನನ್ನನ್ನು ನೋಡಿದರು. ಪತ್ರಿಕೆಯವನು ಎದ್ದಿದ್ದಾನೆಂದರೆ ರಾಷ್ಟ್ರಗೀತೆಯೇ ಇರಬೇಕೆಂದು ಗಾಬರಿಯಿಂದ ತಾವೂ ಎದ್ದರು. ಅವರು ಎದ್ದ ಮೇಲೆ ಮಿಕ್ಕವರಿಗೆ ಕೂರುವ ಧೈರ್ಯವೆಲ್ಲಿ? ಇಡೀ ಶಾಮಿಯಾನ ಎದ್ದು ನಿಂತಿತು. ಸೌಮ್ಯ ಪ್ಲಟೂನನ್ನು ಬಲಕ್ಕೆ ತಿರುಗಿಸಿ, ಎಡಕ್ಕೆ ತಿರುಗಿಸಿ, ಮೈದಾನದ ಆ ತುದಿಗೆ ನಡೆಸಿಕೊಂಡು ಹೊರಟೇಹೋದಳು. ಜನರೆಲ್ಲ ನಿಂತೇ ಇದ್ದರು. ಬರದ ಗೀತೆಗೆ ಕಾದು ಕಾದು ಕೊನೆಗೆ ಒಬ್ಬೊಬ್ಬರಾಗಿ ಕುಳಿತರು. ನಾವು ಕೂರಲಿಲ್ಲ. ‘ಕೂತ್ಕೊಳಮ್ಮ’ ಎಂದು ಪಿಸುಗುಟ್ಟಿದೆ. ‘ಅವ್ಳು ವಿಶ್ರಾಮ್ ಅನ್ಲಿ, ಕೂರ್ತೀನಿ’ ಎಂದಳು ಅಮ್ಮ, ಕತ್ತು ಹೊರಳಿಸದೆ.

‘ಮಗೀನ ಮುಂದಿನ್ ವರ್ಸಕ್ಕೂ ದಳದಲ್ಲೇ ಮಡಿಕಂಡಿದೀವಿ ಸಾ!’ ಎಂದು ಮಾದಯ್ಯನವರು ಓಡಿಬಂದು ನನ್ನ ಕೈ ಕುಲುಕಿದರು. ಸಂತೋಷ ಎಂದೆ. ಇನ್ನೊಂದು ವರ್ಷ ಎಂಬುದು ಆಮೇಲೆ ಮೆಲ್ಲಗೆ ಒಳಗಿಳಿಯಿತು.

ಅವಳನ್ನೂ ಕರೆದುಕೊಂಡು ವಾಪಸ್ಸು ಬಸ್ಸು ಹತ್ತಿದೆವು. ಕಂಡಕ್ಟರು ಇನ್ನೂ ಬಾಗಿಲ ಬಳಿ ಇದ್ದ. ಸೌಮ್ಯ ಕಿಟಕಿಯ ಸೀಟಿನಿಂದಲೇ ‘ನಂಜನಗೂಡು ನಾಲ್ಕು!’ ಎಂದಳು. ಗಂಟಲು ಒಡೆದಿತ್ತು. ಆದರೂ ಅವನು ಏನಂದೆ ಎಂದು ಕೇಳದೆ ಟಿಕೆಟ್ ಹರಿದುಕೊಟ್ಟ. ಅವಳು ಕಿಟಕಿಗೆ ತಲೆ ಆನಿಸಿ ನಿದ್ದೆಹೋದಳು. ನಾನು ಕಂಬಿಗೆ ಒರಗಿ ವರದಿ ಬರೆದೆ. ‘ಸಭಿಕರೆಲ್ಲರೂ ಸ್ವಯಂಪ್ರೇರಿತರಾಗಿ ಎದ್ದು ನಿಂತು ಗೌರವ ಸೂಚಿಸಿದರು’ ಎಂದು ಬರೆದು, ‘ಸ್ವಯಂಪ್ರೇರಿತರಾಗಿ’ ಎಂಬುದನ್ನು ಹೊಡೆದುಹಾಕಿದೆ. ಸುದ್ದಿಯಲ್ಲಿ ಸುಳ್ಳಿರಬಾರದು.

‘ಸೀಟ್ ಖಾಲಿ ಅವೆ, ಕೂತ್ಕಳಿ ಸಾ. ಅಜ್ಜಿನೂ ಕೂರ್ಸಿ, ಯಾಕಿಂಗೆ ಮೂರ್ ಜನಾನೂ ನಿಂತಿದ್ದೀರಿ?’ ಎಂದ ಕಂಡಕ್ಟರು.

ಮಲಗಿದ್ದ ಮಗಳನ್ನು ನೋಡಿದೆ. ಎಬ್ಬಿಸಿ ‘ವಿಶ್ರಾಮ್’ ಹೇಳಿಸಲು ಮನಸ್ಸು ಬರಲಿಲ್ಲ.

‘ಇರಲಿ ಬಿಡಪ್ಪ, ಇನ್ನೇನು ಊರು ಬಂತು’ ಎಂದೆ. ಬಸ್ಸು ಆಗಿನ್ನೂ ನರಸೀಪುರವನ್ನು ದಾಟಿರಲಿಲ್ಲ.