ಹೊಸ ಟೇಪ್ ಡ್ರೈವಿನ ವೇಗ ಹಾಗೂ ಆಪರೇಟರ್ ಎಸಗಿದ ಅಡ್ಡಿ

ದಾಖಲೆ ಸಂರಕ್ಷಣಾ ವಿಭಾಗ
ಸುತ್ತೋಲೆ ಸಂಖ್ಯೆ: ದಾಸಂ/ಟೇಪು/ವೇಗ/17(ಆ)

ವಿಷಯ: ಬ್ಯಾಕಪ್ ಟೇಪ್ ಡ್ರೈವಿನ ಕಾರ್ಯಕ್ಷಮತೆ ಹೆಚ್ಚಿಸಿದ ಬಗ್ಗೆ, ಹಾಗೂ ಅನುಮತಿಯಿಲ್ಲದೆ ದಾಖಲೆಗಳನ್ನು ಉಳಿಸಿದ ಬಗ್ಗೆ.

ಉಲ್ಲೇಖ: ಹಿರಿಯ ಟೇಪ್ ಆಪರೇಟರ್ ಅವರ ಹದಿಮೂರು ಮನವಿಗಳು (ಓದಿರುವುದಿಲ್ಲ).

1. ಜನನ-ಮರಣ ದಾಖಲೆಗಳನ್ನು ಹತ್ತೊಂಬತ್ತು ವರ್ಷಗಳಿಂದ ಟೇಪಿಗೆ ಇಳಿಸುತ್ತಿದ್ದ ಸದರಿ ಆಪರೇಟರ್, ಟೇಪಿಗೆ ಬರೆಯುವ ಯಂತ್ರವಾದ ಡ್ರೈವು ತುಸು ಓಡಿ, ನಿಂತು, ಹಿಂದಕ್ಕೆ ಸುತ್ತಿಕೊಂಡು ಮತ್ತೆ ಹೊರಡುತ್ತಿರುವುದನ್ನು ಗೋಡೆಯಾಚೆಯಿಂದಲೇ ಕೇಳಿ ಗುರುತಿಸಿದ್ದರು. ಯಂತ್ರಕ್ಕೆ ಕಿವಿಗೊಡುವುದು ಅವರ ಕರ್ತವ್ಯಪಟ್ಟಿಯಲ್ಲಿ ಇರುವುದಿಲ್ಲ.

2. ಸಭೆಯಲ್ಲಿ ಅವರು, "ಡ್ರೈವಿನ ತಪ್ಪಲ್ಲ ಸರ್. ಸರ್ವರ್‌ನಿಂದ ಡೇಟಾ ಬರೋದೇ ತೊಟ್ಟಿಕ್ಕಿದ ಹಾಗೆ. ಮೊದಲು ಒಂದು ಡಿಸ್ಕಲ್ಲಿ ಒಟ್ಟು ಮಾಡ್ಕೊಂಡು ಒಂದೇ ಸಲ ಬರೆದ್ರೆ ನಿಲ್ಲದೆ ಓಡುತ್ತೆ" ಎಂದು ನಿವೇದಿಸಿದ್ದು, ಆ ವೇಳೆಗೆ ಚಹಾ ಬಂದಿದ್ದರಿಂದ ನಡಾವಳಿಯಲ್ಲಿ ದಾಖಲಾಗಿಲ್ಲ.

3. ಬದಲಿಗೆ ದುಪ್ಪಟ್ಟು ವೇಗದ ಹೊಸ ಡ್ರೈವನ್ನು ತರಿಸಲಾಯಿತು. ಅದು ದುಪ್ಪಟ್ಟು ಸಲ ನಿಂತಿತು. ಆಪರೇಟರ್ ನಕ್ಕಿದ್ದನ್ನು ಗಂಭೀರವಾಗಿ ಪರಿಗಣಿಸಲಾಗಿದೆ.

4. ಉಪನಿರ್ದೇಶಕರು ಸ್ವತಃ ಸ್ಟಾಪ್‌ವಾಚ್ ಹಿಡಿದು ನಿಂತು, ದೊಡ್ಡ ಕಡತಗಳೇ ವಿಳಂಬಕ್ಕೆ ಮೂಲವೆಂದು ಪತ್ತೆಹಚ್ಚಿ, ಅವೆಲ್ಲವನ್ನೂ ಬ್ಯಾಕಪ್‌ನಿಂದ ಕೈಬಿಡಲು ಆದೇಶಿಸಿದರು. ಆರು ಗಂಟೆಯ ಕೆಲಸ ನಾಲ್ಕು ನಿಮಿಷಕ್ಕೆ ಇಳಿಯಿತು. ಟೇಪಿನಲ್ಲಿ ಸಿಬ್ಬಂದಿಯ ರಜಾಪಟ್ಟಿ ಮಾತ್ರ ಉಳಿದಿದ್ದು, ಅದು ಅತ್ಯಂತ ಸುರಕ್ಷಿತವಾಗಿದೆ.

5. "ಹಾಗಾದ್ರೆ ಜನರ ದಾಖಲೆ ಎಲ್ಲಿರುತ್ತೆ ಸರ್?" ಎಂಬ ಆಪರೇಟರ್ ಅವರ ಪ್ರಶ್ನೆಗೆ, "ನಿಮಗ್ಯಾಕಮ್ಮ ಊರ ಉಸಾಬರಿ?" ಎಂದು ನಿಯಮಾನುಸಾರ ಉತ್ತರಿಸಲಾಯಿತು. ತದನಂತರ ಆಪರೇಟರ್ ಪ್ರತಿದಿನ ಊಟದ ವಿರಾಮದಲ್ಲಿ, ನಿಂತುಕೊಂಡೇ ಎರಡು ತುತ್ತು ತಿನ್ನುತ್ತ, ಮೂಲೆಗೆಸೆದಿದ್ದ ಡಿಸ್ಕಿನಲ್ಲಿ ದಾಖಲೆಗಳನ್ನು ಕೂಡಿಹಾಕಿ ಹಳೆಯ ಡ್ರೈವಿನಲ್ಲಿ ಬರೆದಿರುವುದು ವಿಚಾರಣೆಯಿಂದ ತಿಳಿದುಬಂದಿದೆ. ಮೂರು ತಿಂಗಳಲ್ಲಿ ಒಂದು ದಿನವೂ ತಪ್ಪಿಸಿಲ್ಲ. ಇದು ಹಟಮಾರಿತನಕ್ಕೆ ಸಾಕ್ಷಿ.

6. ಕಳೆದ ತಿಂಗಳು ಸರ್ವರ್ ಕೆಟ್ಟು ದಾಖಲೆಗಳೆಲ್ಲ ಅಳಿಸಿಹೋದವು. ಜನನ ಪ್ರಮಾಣಪತ್ರ ಕೇಳಿ ಬಂದ ತಾಯಿಯೊಬ್ಬರಿಗೆ, ಮಗು ಕಂಕುಳಲ್ಲೇ ಇದ್ದರೂ, ಮುಂದಿನ ಆದೇಶದವರೆಗೆ ಅದರ ಜನನವನ್ನು ತಡೆಹಿಡಿಯಲಾಗಿದೆ ಎಂದು ತಿಳಿಸಲಾಯಿತು. ಆಪರೇಟರ್ ಯಾರನ್ನೂ ಕೇಳದೆ ತಮ್ಮ ಟೇಪುಗಳನ್ನು ಹಾಕಿ, ಸಂಜೆಯೊಳಗೆ ಎಲ್ಲ ಹೆಸರುಗಳನ್ನೂ ಮರಳಿ ತಂದರು. ಆ ತಾಯಿ ಅವರ ಕೈ ಹಿಡಿದು, "ಅಕ್ಕಾ, ನನ್ನ ಮಗು ಇದೆ ಅಂತ ನೀವೊಬ್ರಾದ್ರೂ ಒಪ್ಪಿದ್ರಲ್ಲ" ಎಂದಾಗ ಆಪರೇಟರ್ ಕಣ್ಣು ಒದ್ದೆಯಾಯಿತು. ಯಂತ್ರದ ಕೋಣೆಯಲ್ಲಿ ತೇವಾಂಶ ನಿಷಿದ್ಧ.

7. ಆದ್ದರಿಂದ ಸಕಲ ಸಿಬ್ಬಂದಿಗೂ ಈ ಕೆಳಕಂಡಂತೆ ವಿಧಿಸಲಾಗಿದೆ:
(ಅ) ದಾಖಲೆ ಉಳಿಸಲು ಇಚ್ಛಿಸುವವರು, ದಾಖಲೆ ನಾಶವಾಗುವುದಕ್ಕೆ ಮೂರು ದಿನ ಮುಂಚೆ ಅರ್ಜಿ ಸಲ್ಲಿಸತಕ್ಕದ್ದು.
(ಆ) ಟೇಪಿನಲ್ಲಿ ಏನಿದೆಯೆಂದು ತೆರೆದು ನೋಡುವುದು ವಿಭಾಗದ ಮೇಲಿನ ಅಪನಂಬಿಕೆಯೆಂದು ಭಾವಿಸಲಾಗುವುದು.
(ಇ) ಮರಳಿ ಬಂದ ದಾಖಲೆಗಳನ್ನು ಹೊಸ ಡ್ರೈವೇ ತಂದಿತೆಂದು ತಿಳಿಯತಕ್ಕದ್ದು.

8. ಕಾರಣ ಕೇಳಿ ನೀಡಿದ ನೋಟೀಸಿಗೆ ಆಪರೇಟರ್, "ನಾನು ಮಾಡಿದ್ದು ಸರಿ. ನಾಳೆಯಿಂದ ನೀವೇ ಮಾಡ್ಕೊಳ್ಳಿ" ಎಂದು ಬರೆದು ಸ್ವಯಂ ನಿವೃತ್ತಿ ಕೋರಿರುತ್ತಾರೆ. ಅದನ್ನು ಹನ್ನೊಂದು ನಿಮಿಷದಲ್ಲಿ ಅಂಗೀಕರಿಸಲಾಗಿದೆ.

ಸಹಿ/-
ಉಪನಿರ್ದೇಶಕರು

ಪ್ರತಿಗಳು:
- ಹೊಸ ಡ್ರೈವಿಗೆ, ಪ್ರಶಂಸಾಪತ್ರ ಸಹಿತ.
- ಸೂಚನಾ ಫಲಕಕ್ಕೆ, ಯಾರಿಗೂ ಕಾಣದಷ್ಟು ಎತ್ತರದಲ್ಲಿ.
- ಇಂದು ಬೆಳಗ್ಗೆ ಸರ್ವರ್ ಮತ್ತೆ ನಿಂತಿರುವುದರಿಂದ, ಟೇಪ್ ಓದಲು ಬಲ್ಲವರು ಕಚೇರಿಯಲ್ಲಿ ಯಾರಾದರೂ ಉಳಿದಿದ್ದಲ್ಲಿ ಅವರಿಗೆ, ಕೂಡಲೇ ಓಡಿ ಬರುವಂತೆ.